ಸೊಸೆಯಿಲ್ಲದ ಪ್ರೇಮಕಥೆಗಳು

ಜಪಾನ್ ನಮ್ಮ ಮನೆಗೆ ಮೊದಲು ಬಂದದ್ದು ಗಡಿಯಾರದ ರೂಪದಲ್ಲಿ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಅಮ್ಮ ಅಲ್ಲಿ ಸೇರಿದ್ದು 1971ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ. ಜೋಡಣೆ ವಿಭಾಗದಲ್ಲಿ ಸಾಲಾಗಿ ಕೂತ ಹೆಂಗಸರು, ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಲೆನ್ಸು, ಕೈಯಲ್ಲಿ ಚಿಮುಟ. ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸಿ ಕೂರಿಸಿ ದಣಿದು ಬಂದ ಆ ಕಣ್ಣಿನಲ್ಲೇ ಅಮ್ಮ ರಾತ್ರಿ ಕಾದಂಬರಿ ಓದುತ್ತಿದ್ದಳು. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಹತ್ತು ಪುಟ, ನಾವು ಮಲಗಿದ ಮೇಲೆ ಐವತ್ತು.

ಎರಡನೆಯ ಸಲ ಜಪಾನ್ ಬಂದದ್ದು 2007ರಲ್ಲಿ, ನನ್ನ ಸೂಟ್‌ಕೇಸಿನಲ್ಲಿ, ಸ್ವೆಟರುಗಳ ಮಡಿಕೆಯಲ್ಲಿಟ್ಟ ಹದಿನಾಲ್ಕು ಚಿತ್ರಕಥೆ ಪುಸ್ತಕಗಳಾಗಿ. ಹದಿನಾಲ್ಕೂ ಗಂಡು ಗಂಡನ್ನು ಪ್ರೀತಿಸುವ ಕಥೆಗಳು. ಬರೆದು ಚಿತ್ರಿಸಿದವರು ಹೆಂಗಸರು, ಓದುವವರಲ್ಲೂ ಹೆಚ್ಚಿನವರು ಹೆಂಗಸರು. ಈಗ ಇದಕ್ಕೆ ಎಲ್ಲೆಡೆ ‘ಬಾಯ್ಸ್ ಲವ್’ ಎಂದು ಹೆಸರು, ಓದುವವರ ಬಾಯಲ್ಲಿ ಬರೀ ಬಿಎಲ್. ಹೆಂಗಸರು ಇದನ್ನು ಯಾಕೆ ಓದುತ್ತಾರೆ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಉತ್ತರವನ್ನು ನಾನು ಅಮ್ಮನ ಕಾದಂಬರಿಗಳಿಂದಲೇ ಶುರು ಮಾಡಬೇಕು. ವೈಟ್‌ಫೀಲ್ಡಿನ ಹುಡುಗಿಯರು ಫೋನಿನಲ್ಲಿ ಓದುವ ಈ ಕಥೆಗಳಿಗೂ, ಜಾಲಹಳ್ಳಿ–ಪೀಣ್ಯದ ಕೆಲಸಗಾರ ಹೆಂಗಸರು ಬಾಡಿಗೆಗೆ ತಂದು ಓದಿದ ಕಾದಂಬರಿಗಳಿಗೂ ಒಂದೇ ಬೇರು ಎಂದು ನಾನು ನಂಬಿದ್ದೇನೆ.

ಜಾಲಹಳ್ಳಿ ಕ್ರಾಸಿನ ಹತ್ತಿರ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಒಂದು ಮಳಿಗೆಯಷ್ಟು ಜಾಗ, ಮುಂದೆ ರೋಲಿಂಗ್ ಷಟರ್, ಒಳಗೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕು. ಡಿಪಾಸಿಟ್ 20 ರೂಪಾಯಿ, ಪುಸ್ತಕಕ್ಕೆ ದಿನಕ್ಕೆ 50 ಪೈಸೆ. ಎಲ್ಲ ಪುಸ್ತಕಕ್ಕೂ ಖಾಕಿ ಬಣ್ಣದ ಕಾಗದದ ಹೊದಿಕೆ, ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ನಂಬರು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ. ಹೊದಿಕೆಯೊಳಗೆ ಎಲ್ಲರೂ ಒಂದೇ ಬಣ್ಣ. ಅಮ್ಮ ನಂಬರಿನಿಂದಲೇ ಗುರುತು ಹಿಡಿಯುತ್ತಿದ್ದಳು: “412 ತಗೊಂಡು ಬಾ, ಇಲ್ಲದಿದ್ದರೆ 390.” ಮನೆಗೆ ‘ಸುಧಾ’ ಬರುತ್ತಿತ್ತು, 1983ರಲ್ಲಿ ‘ತರಂಗ’ ಶುರುವಾದ ಮೇಲೆ ಅದೂ ಬಂತು. ವಾರದ ಧಾರಾವಾಹಿಯ ಚರ್ಚೆ ಕಾರ್ಖಾನೆಯ ಬಸ್ಸಿನಲ್ಲಿ ನಡೆಯುತ್ತಿತ್ತು. ನಾಯಕಿಗೆ ಅನ್ಯಾಯವಾದ ವಾರ ಬಸ್ಸೆಲ್ಲ ಸಿಟ್ಟಾಗಿರುತ್ತಿತ್ತು ಎಂದು ಅಮ್ಮ ಹೇಳಿದ್ದು ನೆನಪಿದೆ.

ಲೈಬ್ರರಿ ಪುಸ್ತಕದ ಅಂಚುಗಳಲ್ಲಿ ಓದಿದವರು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ‘ಇವನನ್ನು ನಂಬಬೇಡ’, ‘ಅತ್ತೆ ಅಂದ್ರೆ ಇದೇ’, ‘ಪುಟ 188 ಓದಬೇಡಿ, ಅಳು ಬರುತ್ತೆ’. ಪರಿಚಯವೇ ಇಲ್ಲದ ಹೆಂಗಸರು ಒಬ್ಬರಿಗೊಬ್ಬರು ಕಳಿಸಿದ ಚೀಟಿಗಳವು. ನಾನು ಅಕ್ಷರ ಕೂಡಿಸಿ ಓದಲು ಕಲಿತ ಮೇಲೆ ಕಥೆಗಿಂತ ಮೊದಲು ಅಂಚನ್ನು ಓದುತ್ತಿದ್ದೆ.

ಆ ಕಾದಂಬರಿಗಳ ಬಗ್ಗೆ ಅಮ್ಮ ಒಂದು ಮಾತು ಹೇಳುತ್ತಿದ್ದಳು. ಯಾವ ವಿಮರ್ಶಕರಿಂದಲೂ ಅಷ್ಟು ನಿಖರವಾದ ಮಾತನ್ನು ನಾನು ಕೇಳಿಲ್ಲ. “ಮದುವೆ ಆಗೋವರೆಗೂ ಚೆನ್ನಾಗಿರುತ್ತೆ ಕಣೆ, ಆಮೇಲೆ ಅತ್ತೆ ಮನೆ ಬಂದ್ಬಿಡುತ್ತೆ.” ಪ್ರೀತಿಯ ಕಥೆ ಎಂದು ಕೈಗೆತ್ತಿಕೊಂಡರೆ ಅರ್ಧ ದಾರಿಯಲ್ಲಿ ಅದು ಸೊಸೆಯ ಕಥೆಯಾಗುತ್ತಿತ್ತು. ಹುಡುಗಿಯ ಬಣ್ಣ, ಅಡುಗೆ, ತವರಿನಿಂದ ತಂದದ್ದು, ಮಗುವಾಗಲಿಲ್ಲವೆಂಬ ಮಾತು, ಆದರೆ ಹೆಣ್ಣಾಯಿತೆಂಬ ಮಾತು. ತ್ರಿವೇಣಿಯವರಂಥ ದೊಡ್ಡ ಲೇಖಕಿ ಆ ಸಂಕಟವನ್ನೇ ಎದುರಿಗೆ ಕೂರಿಸಿಕೊಂಡು ಬರೆದರು. ಬಾಣಂತಿಯ ಮನಸ್ಸು ಕದಡಿದ್ದನ್ನೂ, ಗುಣವಾದ ಮೇಲೂ ಮನೆಯವರು ಅವಳನ್ನು ನಂಬದಿದ್ದುದನ್ನೂ ‘ಶರಪಂಜರ’ದಲ್ಲಿ ತೋರಿಸಿದರು. ಅವರ ಮೇಲೆ ನನಗಿರುವ ಗೌರವಕ್ಕೆ ಮಿತಿಯಿಲ್ಲ. ಆದರೆ ಎಂಟು ಗಂಟೆ ಸ್ಕ್ರೂ ಕೂರಿಸಿ ಬಂದು, ಸ್ವಂತ ಅತ್ತೆಗೆ ರೊಟ್ಟಿ ತಟ್ಟಿ ಕೊಟ್ಟು ಕೂತ ಹೆಂಗಸಿಗೆ ಕೆಲವೊಮ್ಮೆ ಸೊಸೆಯೇ ಇಲ್ಲದ ಪ್ರೀತಿಯ ಕಥೆ ಬೇಕಿತ್ತು. ಅಂಥದ್ದು ಆ ಲೈಬ್ರರಿಯಲ್ಲಿ ಇರಲಿಲ್ಲ.

ಚಿತ್ರಕಥೆಗಳು ನಮ್ಮಲ್ಲಿ ಇಲ್ಲದೆ ಏನಿರಲಿಲ್ಲ. ‘ಅಮರ ಚಿತ್ರ ಕಥಾ’ ಎಂದರೆ ಎಲ್ಲರೂ 1967ರ ಮುಂಬಯಿಯನ್ನೂ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರನ್ನೂ ನೆನೆಯುತ್ತಾರೆ. ಅದಕ್ಕೂ ಮೊದಲು, 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅದೇ ಹೆಸರಿನಲ್ಲಿ ಮೊದಲ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ತಂದಿದ್ದರು. ಇಂಗ್ಲಿಷಿನ ಸರಣಿ ಹನ್ನೊಂದನೆಯ ನಂಬರಿನಿಂದ ಶುರುವಾದದ್ದು ಅದಕ್ಕೇ. ನಮ್ಮ ಓಣಿಯ ಮಕ್ಕಳ ಕೈಯಲ್ಲಿ ‘ಚಂದಮಾಮ’ ಇತ್ತು, ‘ಬಾಲಮಂಗಳ’ದ ಡಿಂಗ ಇದ್ದ. ಹೀಗೆ ಕನ್ನಡದ ಹುಡುಗಿಗೆ ಸಾಹಸ ಚಿತ್ರದಲ್ಲಿ ಸಿಕ್ಕಿತು, ಪ್ರೀತಿ ಬರಿಯ ಅಕ್ಷರದಲ್ಲಿ ಸಿಕ್ಕಿತು. ಎರಡೂ ಒಂದೇ ಪುಟದಲ್ಲಿ ಸಿಗಲಿಲ್ಲ.

ನಾನು ವೈಟ್‌ಫೀಲ್ಡಿನಲ್ಲಿ ಕೆಲಸಕ್ಕೆ ಸೇರಿದ್ದು 2002ರಲ್ಲಿ, ಸಾಫ್ಟ್‌ವೇರ್ ಪರೀಕ್ಷಿಸುವ ತಂಡಕ್ಕೆ. ಜಾಲಹಳ್ಳಿ ಕ್ರಾಸಿನಲ್ಲಿ ಬೆಳಿಗ್ಗೆ 6.50ಕ್ಕೆ ಕಂಪನಿ ಬಸ್ಸು, ಹೆಬ್ಬಾಳ, ಕೆ.ಆರ್. ಪುರ, ಹೂಡಿ ದಾಟಿ ಐಟಿಪಿಎಲ್ ಮುಟ್ಟುವಾಗ ಒಂಬತ್ತು. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು 3,900 ಎಕರೆ ಕೊಟ್ಟು, ಡಿ.ಎಸ್. ವೈಟ್ ಅವರ ಸಂಘ ಆಂಗ್ಲೋ ಇಂಡಿಯನ್ನರಿಗಾಗಿ ಕಟ್ಟಿದ ಊರು ವೈಟ್‌ಫೀಲ್ಡ್. ನಾನು ಹೋಗುವಾಗ ಟೆಕ್ ಪಾರ್ಕಿನ ಗೋಪುರಗಳ ಸುತ್ತ ಇನ್ನೂ ನೀಲಗಿರಿ ತೋಪುಗಳಿದ್ದವು. ನಮ್ಮ ತಂಡದ ಗಿರಾಕಿ ಜಪಾನಿನವರು. ಸಂಜೆ ಐದಾದ ಮೇಲೆ ಎರಡು ಗಂಟೆ ಜಪಾನಿ ಪಾಠ, ಪರೀಕ್ಷೆ ಪಾಸಾದವರಿಗೆ ಸಂಬಳದಲ್ಲಿ ಹೆಚ್ಚಳ. ತರಗತಿಯಲ್ಲಿ ಹದಿನಾರು ಜನರಿದ್ದೆವು, ಹನ್ನೊಂದು ಹೆಂಗಸರು. ಓದಿಗೆ ಪಠ್ಯ ಸಾಲದೆಂದು ಗುರುಗಳು ಮಾಂಗಾ ತಂದು ಹಂಚಿದರು. ಬಲದಿಂದ ಎಡಕ್ಕೆ ಓದಬೇಕಾದ ಚಿತ್ರಕಥೆಯನ್ನು ನಾನು ಮುಟ್ಟಿದ್ದು ಅದೇ ಮೊದಲು.

2006ರ ಕೊನೆಯಲ್ಲಿ ಕಂಪನಿ ನನ್ನನ್ನು ಒಂಬತ್ತು ತಿಂಗಳಿಗೆ ಕಾವಾಸಾಕಿಗೆ ಕಳಿಸಿತು. ಅಲ್ಲಿ ‘ಬುಕ್ ಆಫ್’ ಎಂಬ ಹಳೆ ಪುಸ್ತಕದಂಗಡಿಗಳಲ್ಲಿ 105 ಯೆನ್ ಕಪಾಟು ಇರುತ್ತಿತ್ತು. ನೂರು ಯೆನ್ ಪುಸ್ತಕಕ್ಕೆ, ಐದು ತೆರಿಗೆಗೆ. ಭಾನುವಾರ ಇಡೀ ಅಲ್ಲೇ ನಿಂತು ಓದುತ್ತಿದ್ದೆ. ಒಂದು ಕಪಾಟಿನ ಮುಂದೆ ನನ್ನ ವಯಸ್ಸಿನ, ನನಗಿಂತ ದೊಡ್ಡ ವಯಸ್ಸಿನ ಹೆಂಗಸರು ಯಾರ ಮುಖವನ್ನೂ ನೋಡದೆ ನಿಂತಿರುತ್ತಿದ್ದರು. ಅಲ್ಲಿಂದ ನಾನೂ ಒಂದು ಎತ್ತಿಕೊಂಡೆ. ಇಬ್ಬರು ಗಂಡಸರು, ಒಂದು ಕಚೇರಿ, ಮಳೆ, ಕೊನೆಯ ರೈಲು ತಪ್ಪಿಹೋದದ್ದು. ಕಥೆ ಸಾಧಾರಣ. ಆದರೆ ನೂರ ಎಂಬತ್ತು ಪುಟ ಓದಿ ಮುಗಿಸಿದಾಗ ಎದೆ ಹಗುರಾಗಿತ್ತು. ಆ ಹಗುರಿಗೆ ಕಾರಣ ಹುಡುಕಿದೆ. ಇಡೀ ಪುಸ್ತಕದಲ್ಲಿ ಯಾರೂ ಯಾವ ಹೆಣ್ಣನ್ನೂ ತೂಗಿ ನೋಡಿರಲಿಲ್ಲ.

ಹೊಸ ಪುಸ್ತಕ ಕೊಂಡರೆ ಜಪಾನಿನ ಅಂಗಡಿಯವರು ಅದಕ್ಕೆ ಕಾಗದದ ಹೊದಿಕೆ ಹಾಕಲೇ ಎಂದು ಕೇಳುತ್ತಾರೆ. ರೈಲಿನಲ್ಲಿ ಓದುವಾಗ ಏನು ಓದುತ್ತಿದ್ದೀರೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ಮೊದಲ ಸಲ ಅದು ನನ್ನ ಕೈಗೆ ಬಂದಾಗ ಜಾಲಹಳ್ಳಿ ಕ್ರಾಸಿನ ಖಾಕಿ ಕಾಗದ, ನೀಲಿ ಶಾಯಿಯ 412 ಕಣ್ಣಿಗೆ ಕಟ್ಟಿದಂತಾಯಿತು.

ಈ ಕಥೆಗಳು ಹುಟ್ಟಿದ ಜಾಗ ನೋಡಬೇಕೆಂದು ಒಂದು ಶನಿವಾರ ಇಕೆಬುಕುರೊದಿಂದ ರೈಲು ಹತ್ತಿ ಓಇಝುಮಿಗೆ ಹೋದೆ. ಟೋಕಿಯೊದ ನೆರಿಮಾ ಪ್ರದೇಶದ ಒಂದು ಬಡಾವಣೆ. 1970ರ ದಶಕದ ಮೊದಲ ವರ್ಷಗಳಲ್ಲಿ ಹಾಗಿಯೊ ಮೊತೊ, ತಾಕೆಮಿಯಾ ಕೆಯ್ಕೊ ಎಂಬ ಇಬ್ಬರು ಚಿತ್ರಗಾರ್ತಿಯರು ಇಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಒಟ್ಟಿಗಿದ್ದರು. ಇಬ್ಬರಿಗೂ ಇಪ್ಪತ್ತರ ಆಸುಪಾಸು. ಹತ್ತಿರದಲ್ಲೇ ಇದ್ದ ಗೆಳತಿ ಮಾಸುಯಾಮಾ ನೋರಿಯೆ ಅವರಿಗೆ ಯುರೋಪಿನ ಕಾದಂಬರಿ, ಸಿನಿಮಾ, ಸಂಗೀತ ಪರಿಚಯಿಸಿದರು. ಬೇರೆ ಊರುಗಳಿಂದ ಬಂದ ಚಿತ್ರಗಾರ್ತಿಯರೂ ಅಲ್ಲಿ ಸೇರಿ, ಕೂತು, ಚಿತ್ರ ಬರೆದರು. ಅದಕ್ಕೆ ಮುಂಚೆ ಜಪಾನಿನ ಹುಡುಗಿಯರ ಚಿತ್ರಕಥೆಗಳನ್ನು ಬಹುಪಾಲು ಬರೆಯುತ್ತಿದ್ದವರು ಗಂಡಸರು. ತಾಕೆಮಿಯಾ 1970ರ ಡಿಸೆಂಬರಿನಲ್ಲಿ ಇಬ್ಬರು ಹುಡುಗರ ಒಲವಿನ ಸಣ್ಣ ಕಥೆಯೊಂದನ್ನು ಪ್ರಕಟಿಸಿದರು. ಹಾಗಿಯೊ ಅವರ ‘ಥಾಮಸನ ಹೃದಯ’ 1974ರಲ್ಲಿ ಬಂತು. ತಾಕೆಮಿಯಾ ಅವರ ‘ಗಾಳಿ ಮತ್ತು ಮರಗಳ ಹಾಡು’ 1976ರಲ್ಲಿ ಶುರುವಾಗಿ 1984ರವರೆಗೆ ನಡೆಯಿತು. 1975ರ ಡಿಸೆಂಬರಿನಲ್ಲಿ ಓದುಗರೇ ತಾವು ಬರೆದು ಅಚ್ಚು ಹಾಕಿಸಿದ್ದನ್ನು ಮಾರುವ ‘ಕಾಮಿಕೆಟ್’ ಸಂತೆ ಟೋಕಿಯೊದಲ್ಲಿ ಆರಂಭವಾಯಿತು. 1978ರಲ್ಲಿ ಈ ಬಗೆಯ ಕಥೆಗಳಿಗೆಂದೇ ‘ಜುನೆ’ ಪತ್ರಿಕೆ ಬಂತು. ‘ಬಾಯ್ಸ್ ಲವ್’ ಎಂಬ ಹೆಸರು ಬೇರೂರಿದ್ದು 1990ರ ದಶಕದಲ್ಲಿ. ಮುಂದೆ ತಾಕೆಮಿಯಾ ಕ್ಯೋಟೊದ ಸೆಯ್ಕಾ ವಿಶ್ವವಿದ್ಯಾಲಯದ ಅಧ್ಯಕ್ಷರಾದರು.

ನೆರಿಮಾದಲ್ಲಿ ಮನೆಗಳ ನಡುನಡುವೆ ಎಲೆಕೋಸಿನ ಹೊಲಗಳಿವೆ. ಕಾಡುಗೋಡಿ ದಾಟಿ ಹೊಸಕೋಟೆ ಕಡೆ ಹೋದರೆ ಆಗೆಲ್ಲ ಹಾಗೇ ಇತ್ತು: ಒಂದು ಅಪಾರ್ಟ್‌ಮೆಂಟು, ಒಂದು ಕೋಸಿನ ಹೊಲ, ಮತ್ತೊಂದು ಅಪಾರ್ಟ್‌ಮೆಂಟು. ಊರಂಚಿನಲ್ಲಿ, ಅಗ್ಗದ ಬಾಡಿಗೆಗೆ, ಮನೆಯವರ ಕಣ್ಣಿಂದ ದೂರ ಕೂತು ಇಪ್ಪತ್ತರ ಹುಡುಗಿಯರು ಒಂದು ಹೊಸ ಬರವಣಿಗೆ ಕಟ್ಟಿದರೆಂಬುದು ನನಗೆ ಆ ಕೋಸಿನ ಹೊಲದ ಬದಿಯಲ್ಲಿ ನಿಂತಾಗ ಮನಸ್ಸಿಗೆ ನಾಟಿತು. ಪಿಜಿಗಳಲ್ಲಿ ಮೂವರು ಒಂದು ಕೋಣೆ ಹಂಚಿಕೊಂಡಿರುವ ನಮ್ಮ ಹುಡುಗಿಯರಿಗೆ ಈ ಕಥೆಗಳು ಹತ್ತಿರವಾದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಹೆಂಗಸರು ಗಂಡಿನ ವೇಷ ತೊಟ್ಟು ಪ್ರೀತಿಯನ್ನು ಬರೆದದ್ದು ವಿಚಿತ್ರವೆನ್ನುವವರಿಗೆ ನಮ್ಮದೇ ಹಳೆಯ ಅಭ್ಯಾಸ ನೆನಪಿಸುತ್ತೇನೆ. ಹನ್ನೆರಡನೆಯ ಶತಮಾನದಿಂದ ಕನ್ನಡದ ಗಂಡಸರು ತಮ್ಮನ್ನು ಹೆಂಡತಿಯೆಂದು ಕರೆದುಕೊಂಡು ಬರೆದಿದ್ದಾರೆ. ಶರಣ ಸತಿ, ಲಿಂಗ ಪತಿ. ಹರಿದಾಸರು ಗೋಪಿಯ ಬಾಯಲ್ಲಿ ವಿರಹ ಹಾಡಿದರು. ಯಕ್ಷಗಾನದ ಸ್ತ್ರೀವೇಷಧಾರಿ ಇಡೀ ರಾತ್ರಿ ಪ್ರೇಯಸಿಯಾಗಿ ಕುಣಿದು ಬೆಳಗಾಗುತ್ತಲೇ ಬಣ್ಣ ತೆಗೆದು ತೋಟಕ್ಕೆ ಹೋಗುತ್ತಾನೆ. ಗಂಡಿಗೆ ಹೆಣ್ಣಿನ ಮನಸ್ಸಿನೊಳಗೆ ಹೊಕ್ಕು ಹೊರಬರಲು ನಮ್ಮ ಸಂಪ್ರದಾಯ ಬಾಗಿಲು ತೆರೆದಿತ್ತು. ಹೆಣ್ಣಿಗೆ ಆ ಬಾಗಿಲು ತೆರೆದುಕೊಟ್ಟವರಲ್ಲಿ ಓಇಝುಮಿಯ ಆ ಬಾಡಿಗೆ ಮನೆಯವರನ್ನು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಆ ಹದಿನಾಲ್ಕು ಪುಸ್ತಕಗಳಿಂದ ಐಟಿಪಿಎಲ್‌ನಲ್ಲಿ ಒಂದು ಲೈಬ್ರರಿಯೇ ಆಯಿತು. ನನ್ನ ಮೇಜಿನ ಕೆಳಗಿನ ಸ್ಟೀಲ್ ಡ್ರಾಯರು ಅದರ ಕಪಾಟು. ಜಪಾನಿ ತರಗತಿಯ ಹನ್ನೊಂದು ಹೆಂಗಸರಲ್ಲಿ ಏಳು ಮಂದಿ ಸದಸ್ಯರು. ಎಲೆಕ್ಟ್ರಾನಿಕ್ಸ್ ಸಿಟಿಯ ಕಚೇರಿಗೆ ವರ್ಗವಾಗಿ ಹೋದ ಇಬ್ಬರು ಶನಿವಾರ ಸಿಲ್ಕ್ ಬೋರ್ಡಿನಲ್ಲಿ ಇಳಿದು ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಕಿಯೋನಿಕ್ಸಿನ ಆರ್.ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕನಸಿದ ಆ ಊರಿಗೆ ಸಿಲ್ಕ್ ಬೋರ್ಡಿನಿಂದ ಮುಟ್ಟಲು ಮೇಲ್ಸೇತುವೆ ಬರುವ ಮೊದಲು ಒಂದೂಕಾಲು ಗಂಟೆ ಬೇಕಿತ್ತು, ಎಂದರೆ ಒಂದು ಪುಸ್ತಕ ಓದಿ ಮುಗಿಸುವಷ್ಟು ಹೊತ್ತು. ನಾವು ಅಂಚಿನಲ್ಲಿ ಬರೆಯುತ್ತಿದ್ದೆವು. ಪೆನ್ಸಿಲಿನಲ್ಲಿ, ಕನ್ನಡದಲ್ಲಿ. ಜಪಾನಿ ಬಾರದ ಗೆಳತಿಯೊಬ್ಬಳಿಗಾಗಿ ನಾನು ಒಂದು ಇಡೀ ಪುಸ್ತಕದ ಮಾತುಗಳನ್ನು ಅಂಚಿನಲ್ಲಿ ಕನ್ನಡಕ್ಕೆ ತಂದದ್ದುಂಟು. ‘ನಾನು’ ಎನ್ನಲು ಜಪಾನಿಯಲ್ಲಿ ಗಂಡಸಿಗೆ ಮೂರು ನಾಲ್ಕು ಪದಗಳಿವೆ, ಪ್ರೀತಿ ಬೆಳೆದಂತೆ ಪದ ಬದಲಾಗುತ್ತದೆ. ಕನ್ನಡದಲ್ಲಿ ಅದನ್ನು ‘ನೀವು’ ಇಂದ ‘ನೀನು’ಗೆ ಇಳಿಯುವ ಪುಟದಲ್ಲಿ ತಂದೆ. ಆ ಪುಟದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಎಲ್ಲವನ್ನೂ ಮೆಚ್ಚಿದೆ ಎಂದಲ್ಲ. ಮೇಲುಗೈಯವನಿಗೆ ‘ಸೆಮೆ’, ಒಪ್ಪಿಸಿಕೊಳ್ಳುವವನಿಗೆ ‘ಉಕೆ’ ಎಂದು ಹೆಸರಿಟ್ಟು, ಒಬ್ಬ ಎತ್ತರ ಇನ್ನೊಬ್ಬ ಗಿಡ್ಡ, ಒಬ್ಬ ಗದರುವವ ಇನ್ನೊಬ್ಬ ನಾಚುವವ ಎಂದು ಅಚ್ಚಿಗೆ ಹೊಯ್ದ ಕಥೆಗಳಲ್ಲಿ ಗಂಡ–ಹೆಂಡಿರ ಹಳೆಯ ಲೆಕ್ಕವೇ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಬೇಡವೆಂದವನನ್ನು ಬಲವಂತ ಮಾಡಿ, ಕೊನೆಗೆ ಅದನ್ನೇ ಪ್ರೀತಿಯೆನ್ನುವ ಕಥೆಗಳು 2000ದ ಸುಮಾರಿನ ಪುಸ್ತಕಗಳಲ್ಲಿ ರಾಶಿಯಿದ್ದವು. ಅಂಥವನ್ನು ಡ್ರಾಯರಿಗೆ ಸೇರಿಸಲಿಲ್ಲ. ಎಳೆಯ ಮಕ್ಕಳನ್ನು ಅದರಲ್ಲಿ ಎಳೆದು ತರುವುದನ್ನಂತೂ ನಾನು ಒಪ್ಪುವುದಿಲ್ಲ. ಇತಿಹಾಸದಲ್ಲಿ ದೊಡ್ಡ ಸ್ಥಾನವಿರುವ 1976ರ ತಾಕೆಮಿಯಾ ಕೃತಿಯಲ್ಲೂ ಬಾಲಕನೊಬ್ಬನ ಮೇಲೆ ದೊಡ್ಡವರು ಎಸಗುವ ದೌರ್ಜನ್ಯವಿದೆ. ಲೇಖಕಿ ಅದನ್ನು ಅನ್ಯಾಯವೆಂದೇ ತೋರಿಸಿದ್ದಾರೆ, ನಿಜ. ಆದರೂ ಅದನ್ನು ಎರಡನೆಯ ಸಲ ತೆರೆಯಲು ನನ್ನಿಂದಾಗಲಿಲ್ಲ. ಇನ್ನೂ ಒಂದು ತಕರಾರು: ಹೆಣ್ಣು ಬಂದರೆ ಅಡ್ಡಗಾಲಾಗಿಯೇ ಬರುವುದು. ನಮ್ಮನ್ನು ತೂಗುವವರಿಂದ ತಪ್ಪಿಸಿಕೊಳ್ಳಲು ಬಂದ ಜಾಗದಲ್ಲೂ ನಮ್ಮನ್ನೇ ದುಷ್ಟೆಯಾಗಿಸುವುದು ಬರೆಯುವವರ ಸೋಮಾರಿತನ.

ಆದರೆ ನನ್ನ ಓದಿಗೆ ನಿಜವಾದ ಪ್ರಶ್ನೆ ಬಂದದ್ದು ಬೇರೆ ಕಡೆಯಿಂದ. 2012ರಲ್ಲಿ ನಮ್ಮ ತಂಡಕ್ಕೆ ಹಾಸನ ಕಡೆಯ ಒಬ್ಬ ಹುಡುಗ ಸೇರಿದ. ಜಪಾನಿ ಚೆನ್ನಾಗಿ ಕಲಿತಿದ್ದ, ನನ್ನನ್ನು ಅಕ್ಕ ಎನ್ನುತ್ತಿದ್ದ. ಒಂದು ದಿನ ನನ್ನ ಡ್ರಾಯರಿನಿಂದ ಪುಸ್ತಕ ಕೇಳಿದ. ಎರಡು ದಿನಕ್ಕೆ ವಾಪಸು ತಂದು ಮೇಜಿನ ಮೇಲಿಟ್ಟು, ಧ್ವನಿ ತಗ್ಗಿಸಿ ಹೇಳಿದ: “ಚೆನ್ನಾಗಿದೆ ಅಕ್ಕ. ಆದ್ರೆ ಇದರಲ್ಲಿ ಯಾರೂ ಬಾಡಿಗೆ ಮನೆ ಹುಡುಕೋದೇ ಇಲ್ಲ.”

ಆಮೇಲೆ ತಿಳಿಯಿತು. ಅವನೂ ಅವನ ಸಂಗಾತಿಯೂ ಹೂಡಿಯಲ್ಲಿ ಮನೆ ಹುಡುಕುತ್ತಿದ್ದರು. ಗೇಟುಗಳ ಮೇಲೆ ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು. ಹತ್ತು ತಿಂಗಳ ಅಡ್ವಾನ್ಸ್ ಕೈಯಲ್ಲಿ ಹಿಡಿದು ಹೋದರೂ ಬ್ಯಾಚುಲರ್ ಎಂದು ಕಳಿಸುತ್ತಿದ್ದರು. ಕೊನೆಗೆ ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳೆಂದು ಹೇಳಿ ಒಂದು ಮನೆ ಹಿಡಿದರು. ಊರಿನಿಂದ ಅಪ್ಪ ಅಮ್ಮ ಬಂದಾಗ ಹಾಲಿನಲ್ಲಿ ಒಂದು ಚಾಪೆ ಹಾಸಿ ಇಡುತ್ತಿದ್ದರಂತೆ. ಆ ಚಾಪೆಯ ವಿಷಯ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದು ವರ್ಷದಿಂದ ಇಂಥವರ ಪ್ರೀತಿಯನ್ನು ಓದಿ ಎದೆ ಹಗುರ ಮಾಡಿಕೊಂಡವಳು ನಾನು. ನನ್ನಿಂದ ಮೂರು ಕುರ್ಚಿ ಆಚೆ ಕೂತವನನ್ನು ಕಂಡಿರಲಿಲ್ಲ.

ಜಪಾನಿನಲ್ಲಿ ಈ ಮಾತು 1992ರಲ್ಲೇ ಎದ್ದಿತ್ತು. ಸಾತೊ ಮಾಸಾಕಿ ಎಂಬ ಸಲಿಂಗಿ ಲೇಖಕ ಹೆಂಗಸರ ಒಂದು ಸಣ್ಣ ಪತ್ರಿಕೆಯಲ್ಲಿ ಇಂಥ ಕಥೆಗಳನ್ನು ಬರೆದು ಓದುವವರ ಮೇಲೆ ಸಿಟ್ಟಿನಿಂದ ಬರೆದರು: ನಮ್ಮ ಬದುಕನ್ನು ನಿಮ್ಮ ಸುಖಕ್ಕೆ ಬಳಸಿಕೊಳ್ಳುತ್ತಿದ್ದೀರಿ ಎಂಬುದು ಅದರ ತಿರುಳು. ಲೇಖಕಿಯರು, ಓದುಗರು ಉತ್ತರ ಕೊಟ್ಟರು, ಕೆಲವರು ಒಪ್ಪಿದರು, ವರ್ಷಗಟ್ಟಲೆ ವಾಗ್ವಾದ ನಡೆಯಿತು. ನಾನು ಅದನ್ನು ಓದಿದ್ದು ಹೂಡಿಯ ಚಾಪೆಯ ಮಾತು ಕೇಳಿದ ಮೇಲೆ. ಸಾತೊ ಅವರ ಕಡೆ ನ್ಯಾಯವಿತ್ತು. ಹೆಂಗಸರ ಕಡೆಯೂ ಇತ್ತು. ಬೇರೆಲ್ಲೂ ಉಸಿರಾಡಲು ಜಾಗ ಸಿಗದವರು ಅವರು. ಆದರೆ ಸಾಲ ಪಡೆದ ಉಸಿರಿಗೆ ಬಡ್ಡಿ ತೀರಿಸಬೇಕು. ಹೂಡಿಯ ಗೇಟಿನ ಮುಂದೆ ಆ ಇಬ್ಬರ ಜೊತೆ ನಿಂತು, ನಾನು ಇವರ ಅಕ್ಕ, ನನ್ನ ಜವಾಬ್ದಾರಿ ಎಂದು ಹೇಳುವುದು ಆ ಬಡ್ಡಿ. ಮುಂದಿನ ಮನೆ ಹುಡುಕುವಾಗ ಹಾಗೇ ಮಾಡಿದೆ.

2013ರಲ್ಲಿ ಆ ಹುಡುಗನೇ ಒಂದು ಕನ್ನಡ ಪುಸ್ತಕ ತಂದುಕೊಟ್ಟ: ವಸುಧೇಂದ್ರರ ‘ಮೋಹನಸ್ವಾಮಿ’, ಛಂದ ಪುಸ್ತಕದ ಪ್ರಕಟಣೆ. ಸಂಡೂರಿನಿಂದ ಬಂದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗದಲ್ಲಿ ವರ್ಷಗಟ್ಟಲೆ ದುಡಿದ ಲೇಖಕ, ತಾನು ಸಲಿಂಗಿ ಎಂಬುದನ್ನು ಮುಚ್ಚಿಡದೆ ಹೊರತಂದ ಕಥೆಗಳು. ಜೊತೆಗೆ ಬದುಕುತ್ತಿದ್ದವನು ಹೆಣ್ಣನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಯ ಒಳಗೆ ಆಗುವುದನ್ನು ಓದುತ್ತ ನಾನು ಬಸ್ಸಿನಲ್ಲಿ ಹೆಬ್ಬಾಳದ ಸ್ಟಾಪು ದಾಟಿದ್ದನ್ನೂ ಗಮನಿಸಲಿಲ್ಲ. ಜಪಾನಿ ಕಥೆಯಲ್ಲಿ ಮಳೆ ಬಂದರೆ ಕೊಡೆಯೊಂದು ಸಿಗುತ್ತದೆ. ಇಲ್ಲಿ ಸಿಗಲಿಲ್ಲ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತೆಗೆದುಹಾಕಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಸೆಕ್ಷನ್ನನ್ನು ಮತ್ತೆ ಹೇರಿತು. ಮರುದಿನ ಆ ಹುಡುಗ ಕೆಲಸಕ್ಕೆ ಬಂದ, ಇಡೀ ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆ ಸೆಕ್ಷನ್ನಿನ ಹಿಡಿತ ಬಿಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಆ ದಿನ ಅವನು ಇಡೀ ಮಹಡಿಗೆ ಮೈಸೂರುಪಾಕು ಹಂಚಿದ. ಯಾಕೆಂದು ಕೇಳಿದವರಿಗೆ ಕಾರಣವನ್ನೂ ಹೇಳಿದ.

ಅಮ್ಮನಿಗೆ ‘ಮೋಹನಸ್ವಾಮಿ’ ಕೊಟ್ಟದ್ದು ನಾನೇ. ಅವಳು ಸ್ವಯಂನಿವೃತ್ತಿ ತೆಗೆದುಕೊಂಡು ಬಹಳ ವರ್ಷವಾಗಿತ್ತು. ಜಾಲಹಳ್ಳಿ ಕ್ರಾಸಿನ ಲೈಬ್ರರಿ ಮುಚ್ಚಿ ಆ ಮಳಿಗೆ ಮೊಬೈಲ್ ರೀಚಾರ್ಜ್ ಅಂಗಡಿಯಾಗಿತ್ತು. ಪುಸ್ತಕಕ್ಕೆ ಖಾಕಿ ಹೊದಿಕೆ ಹಾಕಿ ಟಿವಿ ಪಕ್ಕದಲ್ಲಿಟ್ಟೆ, ಏನೂ ಹೇಳಲಿಲ್ಲ. ಅಮ್ಮ ನಾಲ್ಕು ದಿನ ಓದಿದಳು. ಐದನೆಯ ದಿನ ಸೊಪ್ಪು ಬಿಡಿಸುತ್ತ ಕೇಳಿದಳು: “ಈ ಹುಡುಗ ಈಗ ಚೆನ್ನಾಗಿದಾನಾ?” ಬರೆದವರನ್ನು ಕೇಳುತ್ತಿದ್ದಾಳೋ, ಕಥೆಯವನನ್ನೋ, ನನ್ನ ಸಹೋದ್ಯೋಗಿಯನ್ನೋ ಗೊತ್ತಾಗಲಿಲ್ಲ. ಚೆನ್ನಾಗಿದ್ದಾನೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅಂದಳು: “ತ್ರಿವೇಣಿಯವರು ಇದ್ದಿದ್ರೆ ಇದನ್ನ ಬರೀತಿದ್ರು ಕಣೆ.” 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಲೇಖಕಿಯ ಹೆಸರನ್ನು ಅಮ್ಮ ಅಲ್ಲಿ ತಂದದ್ದು ನನಗೆ ಎಲ್ಲ ವಿಮರ್ಶೆಗಿಂತ ದೊಡ್ಡದಾಗಿ ಕಂಡಿತು. ಮನೆಯವರು ನಂಬದ ಮನಸ್ಸಿನ ಕಥೆಯನ್ನು ಅವಳು ಐವತ್ತು ವರ್ಷದಿಂದ ಓದುತ್ತ ಬಂದಿದ್ದಳು. ಗಂಡೋ ಹೆಣ್ಣೋ ಎಂಬುದು ಅವಳಿಗೆ ಅಡ್ಡ ಬರಲೇ ಇಲ್ಲ.

ಆಮೇಲೆ ನಾನು ಅವಳಿಗೆ ಯೋಶಿನಾಗಾ ಫುಮಿಯವರ ‘ನಿನ್ನೆ ಏನು ಊಟ ಮಾಡಿದೆ?’ ಎಂಬ ಮಾಂಗಾವನ್ನು ಓದಿ ಹೇಳತೊಡಗಿದೆ. ನನ್ನ ಮಟ್ಟಿಗೆ ಇವರೇ ಎಲ್ಲರಿಗಿಂತ ದೊಡ್ಡವರು. ಬಿಎಲ್ ಬರೆಯುತ್ತ ಬೆಳೆದ ಈ ಲೇಖಕಿ 2007ರಲ್ಲಿ ದೊಡ್ಡವರ ಪತ್ರಿಕೆಯೊಂದರಲ್ಲಿ ಇದನ್ನು ಶುರು ಮಾಡಿದರು. ಟೋಕಿಯೊದಲ್ಲಿ ಒಟ್ಟಿಗೆ ಬದುಕುವ ಇಬ್ಬರು ನಡುವಯಸ್ಸಿನವರು, ಒಬ್ಬ ವಕೀಲ, ಇನ್ನೊಬ್ಬ ಕೂದಲು ಕತ್ತರಿಸುವವನು. ವಕೀಲ ಸಂಜೆ ಆರಕ್ಕೆ ಕಚೇರಿ ಬಿಟ್ಟು, ಯಾವ ಅಂಗಡಿಯಲ್ಲಿ ಏನು ಅಗ್ಗವೆಂದು ನೋಡಿ ತಂದು ಅಡುಗೆ ಮಾಡುತ್ತಾನೆ. ಇಬ್ಬರ ತಿಂಗಳ ಊಟದ ಖರ್ಚು 25,000 ಯೆನ್ ದಾಟಬಾರದು. ಪುಟಗಟ್ಟಲೆ ಮೂಲಂಗಿ ಹೆಚ್ಚುವುದು, ಮೀನು ಬೇಯಿಸುವುದು. ನಡುವೆ ವಯಸ್ಸಾಗುವುದು, ಅಪ್ಪನ ಕಾಯಿಲೆ, ಮಗನನ್ನು ಒಪ್ಪಿಯೂ ಒಪ್ಪದ ಅಮ್ಮ. ಬಾಡಿಗೆ ಮನೆಯ ಮಾತೇ ಇಲ್ಲವೆಂದ ಹುಡುಗನಿಗೆ ಇದನ್ನು ಕೊಟ್ಟಾಗ ಅವನು ಅಷ್ಟೂ ಸಂಪುಟಗಳನ್ನು ಒಟ್ಟಿಗೆ ಹೊತ್ತುಕೊಂಡು ಹೋದ. ಅಮ್ಮನಿಗೆ ಹಿಡಿಸಿದ್ದು ಆ ಊಟದ ಖರ್ಚಿನ ಲೆಕ್ಕ. “ಸಂಸಾರ ಅಂದ್ರೆ ಇದೇ ಅಲ್ವಾ” ಅಂದಳು.

ಈಗ ಹಂಚಿಕೊಳ್ಳಲು ಡ್ರಾಯರು ಬೇಕಿಲ್ಲ. ಕೊರಿಯಾದ ವೆಬ್‌ಟೂನ್‌ಗಳು ಫೋನಿನಲ್ಲಿ ಮೇಲಿಂದ ಕೆಳಕ್ಕೆ ಜಾರುತ್ತವೆ. 2020ರ ಲಾಕ್‌ಡೌನಿನಲ್ಲಿ ಥಾಯ್ಲೆಂಡಿನ ‘ಟುಗೆದರ್’ ಧಾರಾವಾಹಿಯನ್ನು ನಮ್ಮ ಅಪಾರ್ಟ್‌ಮೆಂಟಿನ ಕಾಲೇಜು ಹುಡುಗಿಯರು ಎದ್ದ ತಕ್ಷಣ ನೋಡುತ್ತಿದ್ದರು. ಇಂಗ್ಲೆಂಡಿನ ಆಲಿಸ್ ಓಸ್‌ಮನ್ 2016ರಲ್ಲಿ ಶುರು ಮಾಡಿದ ‘ಹಾರ್ಟ್‌ಸ್ಟಾಪರ್’ ಶಾಲೆಗೆ ಹೋಗುವ ನನ್ನ ಅಕ್ಕನ ಮಗಳ ಕೈಯಲ್ಲಿದೆ. ಹುಡುಗರ ಮೃದುವಾದ ಕಥೆ, ಹೊದಿಕೆ ಹಾಕದೆ ಓದುತ್ತಾಳೆ. ಚಿತ್ರಕಥೆ ಪ್ರಿಯರ ಮೇಳವಾದ ಬೆಂಗಳೂರಿನ ಕಾಮಿಕ್ ಕಾನ್ 2012ರಲ್ಲಿ ಕೋರಮಂಗಲದಲ್ಲಿ ನಡೆದಿತ್ತು. ಈಚಿನ ವರ್ಷಗಳಲ್ಲಿ ಅದು ವೈಟ್‌ಫೀಲ್ಡಿನ ಕೆಟಿಪಿಒ ವಸ್ತುಪ್ರದರ್ಶನ ಅಂಗಳಕ್ಕೆ ಬಂದಿದೆ, ನಾನು ಇಪ್ಪತ್ತು ವರ್ಷ ಬಸ್ಸಿಳಿದ ಜಾಗದಿಂದ ನಡೆದು ಹೋಗುವಷ್ಟು ಹತ್ತಿರ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. 2023ರ ಅಕ್ಟೋಬರಿನಿಂದ ಮೆಟ್ರೊ ಪೂರ್ತಿಯಾದ್ದರಿಂದ ಜಾಲಹಳ್ಳಿಯಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರೆ ಆಯಿತು. ಚೀನಾದ ಕಾದಂಬರಿಯೊಂದರ ಇಬ್ಬರು ನಾಯಕರ ವೇಷ ತೊಟ್ಟ ಹುಡುಗಿಯರಿಬ್ಬರು, ಒಬ್ಬಳು ಬಿಳಿ, ಇನ್ನೊಬ್ಬಳು ಕಪ್ಪು ನಿಲುವಂಗಿ, ಅಮ್ಮನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬಳು ತುಮಕೂರಿನವಳು, ಪೀಣ್ಯದಲ್ಲಿ ಬಿಡಿಭಾಗ ತಪಾಸಣೆಯ ಕೆಲಸ. ಅಮ್ಮ ಅವಳ ಕೈಬೆರಳು ನೋಡಿ, “ಮೈಕ್ರೊಮೀಟರ್ ಹಿಡಿಯೋ ಕೈ” ಎಂದಳು.

ಅಲ್ಲಿ ಇಂಗ್ಲಿಷಿತ್ತು, ಜಪಾನಿಯ ಅನುವಾದಗಳಿದ್ದವು. ಕನ್ನಡದಲ್ಲಿ ಇಂಥ ಒಂದು ಚಿತ್ರಕಥೆಯನ್ನು ಎಲ್ಲ ಮಳಿಗೆ ಸುತ್ತಿ ಕೇಳಿದೆ, ಸಿಗಲಿಲ್ಲ. ಸಲಿಂಗಿಗಳ ಮದುವೆಯ ಹಕ್ಕಿನ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಸಂಸತ್ತಿಗೆ ಬಿಟ್ಟಿತು. ನನ್ನ ಸಹೋದ್ಯೋಗಿ ಮತ್ತು ಅವನ ಸಂಗಾತಿ ಈಗ ಕಾಡುಗೋಡಿಯ ಆಚೆ ಮೂರನೆಯ ಬಾಡಿಗೆ ಮನೆಯಲ್ಲಿದ್ದಾರೆ, ಕರಾರು ಪತ್ರದಲ್ಲಿ ಸಂಬಂಧದ ಮುಂದೆ ‘ಸ್ನೇಹಿತರು’ ಎಂದಿದೆ. ‘ಸುಧಾ’, ‘ತರಂಗ’ಗಳ ಧಾರಾವಾಹಿಗೆ ವಾರವಾರ ಚಿತ್ರ ಬರೆದ ಕಲಾವಿದರ ಪರಂಪರೆ ನಮ್ಮದು. ಮೊದಲ ‘ಅಮರ ಚಿತ್ರ ಕಥಾ’ ಅಚ್ಚಾದದ್ದೂ ನಮ್ಮ ಭಾಷೆಯಲ್ಲಿ. ಚಿತ್ರ ಬರೆಯಬಲ್ಲ ಕನ್ನಡದ ಹುಡುಗಿಯರೇ, ಹುಡುಗರೇ, ಇದನ್ನು ನೀವು ಬರೆಯಬೇಕು. ಪೀಣ್ಯ ಎರಡನೇ ಹಂತದಲ್ಲಿ ಲೇತ್ ಓಡಿಸುವವನೊಬ್ಬ, ಹೂಡಿಯ ಡಿಪೊದಿಂದ ಬಸ್ಸು ಹೊರಡಿಸುವವನೊಬ್ಬ ಇದ್ದರೆ ಸಾಕು. ಅಮ್ಮನಿಗೆ ಈಗ ಎಪ್ಪತ್ತೈದು, ಕಣ್ಣಿನ ಪೊರೆ ತೆಗೆಸಿದ್ದೇವೆ, ಸಣ್ಣ ಅಕ್ಷರವೂ ಕಾಣುತ್ತದೆ. ಮೊದಲ ಪುಟದಲ್ಲಿ ಅವರಿಬ್ಬರೂ ಬಾಡಿಗೆ ಮನೆ ಹುಡುಕುತ್ತಿರಲಿ.